ನಿಧಾನಗತಿಯ ಅಂತರ್ಜಾಲ, ಹಳೆಯ ಗಣಕಯಂತ್ರ: ಗಡಿಭಾಗದ ಕನ್ನಡ ಶಾಲೆಗಳಲ್ಲಿ ಲಿನಕ್ಸ್ ಸ್ಥಾಪನೆ ಮತ್ತು ಪರಿಷ್ಕರಣೆ

ವಿಂಡೋಸ್ 7 ವ್ಯವಸ್ಥೆಗೆ ದೊರೆಯುತ್ತಿದ್ದ ಬೆಂಬಲ 2020ರ ಜನವರಿ 14ರಂದು ಕೊನೆಗೊಂಡಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಸ್ಥಾಪಿಸಲು ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹಸ್ಥಳ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ಶಾಲೆಗಳಿಗೆ ಬಂದ ಗಣಕಯಂತ್ರಗಳಲ್ಲಿ ಈ ಮೂರೂ ಒಟ್ಟಿಗೆ ಇರುವುದು ಅಪರೂಪ. ಹೀಗಾಗಿ ಯಂತ್ರ ಸುಸ್ಥಿತಿಯಲ್ಲಿದ್ದರೂ ಅದನ್ನು ‘ನಿರುಪಯುಕ್ತ’ ಎಂದು ನೋಂದಣಿ ಪುಸ್ತಕದಲ್ಲಿ ಬರೆದು, ಕೊಠಡಿಗೆ ಬೀಗ ಹಾಕುವುದು ಸುಲಭದ ದಾರಿಯಾಗಿ ಕಾಣುತ್ತದೆ. ಬೀಗ ಬಿದ್ದ ಕೊಠಡಿ ಮತ್ತೆ ತೆರೆಯುವುದು ಹೊಸ ಮಂಜೂರಾತಿ ಬಂದಾಗ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಏಳನೆಯ ತರಗತಿ ದಾಟಿ ಹೋಗಿರುತ್ತಾರೆ.

ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಂತಹ ಗಡಿಭಾಗದಲ್ಲಿ ಈ ನಷ್ಟಕ್ಕೆ ಇನ್ನೊಂದು ಮುಖವಿದೆ. 1956ರವರೆಗೆ ಈ ಪ್ರದೇಶವೂ ಬೀದರ, ಕಲಬುರಗಿಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು; ಆಮೇಲೆ ಇವು ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಇಲ್ಲಿಯ ಕನ್ನಡ ಶಿಕ್ಷಕರು ಪಾಠವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಾರೆ, ಕಚೇರಿಗೆ ಪತ್ರವನ್ನು ಮರಾಠಿಯಲ್ಲಿ ಬರೆಯುತ್ತಾರೆ. ಎರಡು ಲಿಪಿಗಳಲ್ಲಿ ಸರಾಗವಾಗಿ ಕೆಲಸ ಮಾಡುವ ಯಂತ್ರ ಅವರಿಗೆ ಆಡಂಬರವಲ್ಲ, ನಿತ್ಯದ ಅಗತ್ಯ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳನ್ನು ಪರದೆಯ ಮೇಲೆ ತೋರಿಸಲಾಗಲಿ, ‘ಸರಲ್’ ಹಾಗೂ ‘ಯುಡೈಸ್ ಪ್ಲಸ್’ ಮಾಹಿತಿ ತುಂಬಲಾಗಲಿ ಬೇಕಾಗುವುದು ಒಂದು ಸುಸ್ಥಿತಿಯ ಬ್ರೌಸರ್ ಮಾತ್ರ. ಆ ಬ್ರೌಸರ್ ಲಿನಕ್ಸಿನಲ್ಲಿಯೂ ಓಡುತ್ತದೆ.

ಲಿನಕ್ಸ್ ಶಾಲೆಗೆ ಒಗ್ಗುವುದೇ ಎಂಬ ಸಂದೇಹಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ ಮುಂದುವರಿದದ್ದು, ಉಬುಂಟುವನ್ನು ಆಧರಿಸಿದ ತನ್ನದೇ ಲಿನಕ್ಸ್ ಆವೃತ್ತಿಯನ್ನು ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒದಗಿಸುತ್ತ ಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಮಾಹಿತಿ ತಂತ್ರಜ್ಞಾನವನ್ನು ಕಲಿಯುತ್ತಾರೆ. ಮಹಾರಾಷ್ಟ್ರದ ಗಡಿಶಾಲೆಗೆ ಹಾಗೆ ಸಿದ್ಧಪಡಿಸಿ ಕೊಡುವ ಸಂಸ್ಥೆ ಬೆನ್ನಿಗಿಲ್ಲ; ಆದ್ದರಿಂದ ಇಲ್ಲಿಯ ಶಿಕ್ಷಕರು ಕೆಲವು ನಿರ್ಧಾರಗಳನ್ನು ತಾವೇ ಕೈಗೊಳ್ಳಬೇಕಾಗುತ್ತದೆ. ಮುಂದಿನ ವಿವರಣೆ ಆ ನಿರ್ಧಾರಗಳನ್ನು ಕುರಿತದ್ದು.

ಯಂತ್ರದ ಪರೀಕ್ಷೆ

ಮೊದಲು ತಿಳಿಯಬೇಕಾದುದು ಸಂಸ್ಕಾರಕ 32 ಬಿಟ್‌ನದೋ 64 ಬಿಟ್‌ನದೋ ಎಂಬುದು. ಯಂತ್ರದಲ್ಲಿ 32 ಬಿಟ್ ವಿಂಡೋಸ್ ಇದೆ ಎಂದಮಾತ್ರಕ್ಕೆ ಸಂಸ್ಕಾರಕವೂ ಹಾಗೆಯೇ ಇರುತ್ತದೆಂದು ಭಾವಿಸಬಾರದು. ಸ್ಮೃತಿ ಕಡಿಮೆಯಿದ್ದ ಕಾರಣಕ್ಕೆ ಕೋರ್ 2 ಡ್ಯುಯೋದಂತಹ 64 ಬಿಟ್ ಯಂತ್ರಗಳಿಗೂ 32 ಬಿಟ್ ವಿಂಡೋಸ್ ಹಾಕಿ ಕೊಡುವ ರೂಢಿ ಇತ್ತು. ಈ ಭೇದ ಇಂದು ನಿರ್ಣಾಯಕವಾಗಿದೆ. ಉಬುಂಟು ಹಾಗೂ ಮಿಂಟ್ ಆವೃತ್ತಿಗಳು 32 ಬಿಟ್ ಯಂತ್ರಗಳನ್ನು ಬಹಳ ಹಿಂದೆಯೇ ಕೈಬಿಟ್ಟವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಸ್ಥಾಪನಾ ಕಡತವೇ ಇಲ್ಲ. ನಿಜವಾಗಿಯೂ 32 ಬಿಟ್‌ನ ಯಂತ್ರವಿದ್ದರೆ ಡೆಬಿಯನ್ 12 ಅಥವಾ ಅದನ್ನು ಆಧರಿಸಿದ ಆಂಟಿಎಕ್ಸ್ 23 ಉಳಿದಿರುವ ಮಾರ್ಗ. ಡೆಬಿಯನ್ 12ರ ದೀರ್ಘಕಾಲಿಕ ಬೆಂಬಲ 2028ರ ಜೂನ್‌ವರೆಗೆ ಮಾತ್ರ. ಅಷ್ಟು ಹಳೆಯ ಯಂತ್ರಕ್ಕಾಗಿ ಹೆಚ್ಚು ಶ್ರಮಪಡುವುದಕ್ಕಿಂತ ಅದನ್ನು ಬಿಚ್ಚಿ ಮಕ್ಕಳಿಗೆ ಒಳಭಾಗಗಳನ್ನು ತೋರಿಸುವುದು ಮೇಲು.

64 ಬಿಟ್ ಯಂತ್ರಗಳಿಗೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಮಾನ್ಯವಾಗಿ ಸಾಕು. ಅದಕ್ಕೆ 2029ರವರೆಗೆ ಬೆಂಬಲವಿದೆ. ಸ್ಮೃತಿ 2 ಜಿಬಿ ಮಾತ್ರವಿದ್ದರೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಮೇಜುತೆರೆಯೊಂದಿಗೆ ಡೆಬಿಯನ್ 13 ಹಗುರ. ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ರೂಪಿಸಿದ ‘ಬಾಸ್’ ಕೂಡ ಭಾರತೀಯ ಭಾಷೆಗಳಿಗೆಂದೇ ಇರುವಂಥದು. ಯಾವುದನ್ನೇ ಆರಿಸಲಿ, ಕೊಠಡಿಯ ಎಲ್ಲ ಯಂತ್ರಗಳಲ್ಲಿ ಒಂದೇ ಹೆಸರಿನ, ಒಂದೇ ಸಂಖ್ಯೆಯ ಆವೃತ್ತಿ ಇರಬೇಕು. ಒಂದರಲ್ಲಿ ಮಿಂಟ್, ಇನ್ನೊಂದರಲ್ಲಿ ಉಬುಂಟು, ಮೂರನೆಯದರಲ್ಲಿ ಯಾರೋ ಹೊಗಳಿದ ಮತ್ತೊಂದು ಎಂಬ ಪ್ರಯೋಗಶೀಲತೆ ಮನೆಯಲ್ಲಿ ಚೆನ್ನ. ಶಾಲೆಯಲ್ಲಿ ಅದು ಪರಿಷ್ಕರಣೆಯ ವೆಚ್ಚವನ್ನು ಮೂರು ಪಟ್ಟು ಮಾಡುತ್ತದೆ.

ಸ್ಮೃತಿಯ ವಿಷಯದಲ್ಲಿ ಒಂದು ಮಿತವ್ಯಯದ ಉಪಾಯವಿದೆ. ಕೆಟ್ಟುಹೋದ ಯಂತ್ರದಿಂದ ಸ್ಮೃತಿಪಟ್ಟಿಯನ್ನು ತೆಗೆದು ಕೆಲಸ ಮಾಡುವ ಯಂತ್ರಕ್ಕೆ ಹಾಕಬಹುದು. ಆದರೆ ಡಿಡಿಆರ್2 ಪಟ್ಟಿ ಡಿಡಿಆರ್3ರ ಗೂಡಿಗೆ ಸೇರುವುದಿಲ್ಲ; ಒತ್ತಿ ತೂರಿಸಲು ಯತ್ನಿಸಬಾರದು. 2 ಜಿಬಿಯ ಹತ್ತು ಯಂತ್ರಗಳಿಗಿಂತ 4 ಜಿಬಿಯ ಐದು ಯಂತ್ರಗಳು ತರಗತಿಗೆ ಹೆಚ್ಚು ಉಪಯುಕ್ತ. ಏಕೆಂದರೆ ಇಂದು ಸ್ಮೃತಿಯನ್ನು ನುಂಗುವುದು ಕಾರ್ಯಾಚರಣ ವ್ಯವಸ್ಥೆಗಿಂತ ಹೆಚ್ಚಾಗಿ ಬ್ರೌಸರ್.

ಹಳೆಯ ಯಂತ್ರಗಳಲ್ಲಿ ಶಿಕ್ಷಕರನ್ನು ಅತಿಯಾಗಿ ಕಾಡುವ ತೊಂದರೆ ಒಂದು ಸಣ್ಣ ಬ್ಯಾಟರಿಯದು. ತಾಯಿಹಲಗೆಯ ಮೇಲಿರುವ ಸಿಆರ್ 2032 ಎಂಬ ನಾಣ್ಯದಾಕಾರದ ಕೋಶ ಬತ್ತಿದಾಗ, ವಿದ್ಯುತ್ ಹೋದೊಡನೆ ಯಂತ್ರದ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಸರಿಯುತ್ತದೆ. ಮರುದಿನ ಬ್ರೌಸರ್ ಪ್ರತಿಯೊಂದು ತಾಣವನ್ನೂ ‘ಅಸುರಕ್ಷಿತ’ ಎನ್ನುತ್ತದೆ. ಪರಿಷ್ಕರಣೆಗೆ ಹೊರಟರೆ ‘ಈ ಪಟ್ಟಿಯ ಅವಧಿ ಇನ್ನೂ ಆರಂಭವಾಗಿಲ್ಲ’ ಎಂಬರ್ಥದ ದೋಷಸಂದೇಶ ಬರುತ್ತದೆ. ಪ್ರಮಾಣಪತ್ರಗಳಿಗೂ ತಂತ್ರಾಂಶ ಪಟ್ಟಿಗಳಿಗೂ ದಿನಾಂಕದ ಮುದ್ರೆ ಇರುವುದೇ ಇದಕ್ಕೆ ಕಾರಣ. ಅಂತರ್ಜಾಲ ಸರಿಯಿಲ್ಲವೆಂದು ಮೊಬೈಲ್ ಕಂಪನಿಯನ್ನು ದೂರುವ ಮೊದಲು, ಲಿನಕ್ಸನ್ನೇ ತೆಗೆದುಹಾಕುವ ಮೊದಲು, ಪರದೆಯ ಮೂಲೆಯ ದಿನಾಂಕವನ್ನು ನೋಡಬೇಕು. ಅಲ್ಪ ಬೆಲೆಯ ಆ ಕೋಶ ಕೈಗಡಿಯಾರದ ಅಂಗಡಿಯಲ್ಲಿಯೂ ದೊರೆಯುತ್ತದೆ.

ಸ್ಥಾಪನಾ ಕಡತವನ್ನು ತರುವುದು

ಸ್ಥಾಪನೆಗೆ ಬೇಕಾದ ಐಎಸ್ಒ ಕಡತ ಸುಮಾರು 3 ಜಿಬಿ ಇರುತ್ತದೆ. ಅಂತರ್ಜಾಲದ ವೇಗವನ್ನು ಮೆಗಾಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿಯೂ ಹೇಳುವ ರೂಢಿಯಿಂದ ಲೆಕ್ಕ ತಪ್ಪುವುದುಂಟು. ಒಂದು ಬೈಟ್ ಎಂದರೆ ಎಂಟು ಬಿಟ್. 3 ಜಿಬಿ ಎಂದರೆ 24,000 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗವಿದ್ದರೆ 24,000 ಸೆಕೆಂಡು, ಅಂದರೆ 6 ಗಂಟೆ 40 ನಿಮಿಷ. ಏಳನೆಯ ತರಗತಿಯ ಮಕ್ಕಳಿಗೆ ಇದೇ ಒಂದು ಒಳ್ಳೆಯ ಗಣಿತ ಸಮಸ್ಯೆಯಾದೀತು.

ಹಳ್ಳಿಯ ಶಾಲೆಯಲ್ಲಿ ಸಂಪರ್ಕವೆಂದರೆ ಅನೇಕ ವೇಳೆ ಶಿಕ್ಷಕರ ಮೊಬೈಲೇ ಆಗಿರುತ್ತದೆ, ಅದಕ್ಕೆ ದಿನಕ್ಕೆ 1.5 ಅಥವಾ 2 ಜಿಬಿಯ ಮಿತಿಯೂ ಇರುತ್ತದೆ. ಬ್ರೌಸರಿನಲ್ಲಿ ಇಳಿಸತೊಡಗಿ ನಡುವೆ ಸಂಪರ್ಕ ಕಡಿದರೆ ಅದುವರೆಗಿನದೆಲ್ಲ ವ್ಯರ್ಥವಾಗುವ ಸಂಭವವಿದೆ. ಆದ್ದರಿಂದ ಬಿಟ್ಟಲ್ಲಿಂದ ಮುಂದುವರಿಸುವ ಸಾಧನವನ್ನೇ ಬಳಸತಕ್ಕದ್ದು. ‘ಡಬ್ಲ್ಯುಗೆಟ್’ ಎಂಬ ಆಜ್ಞೆಗೆ ‘ಸಿ’ ಎಂಬ ಸೂಚಕವನ್ನು ಸೇರಿಸಿದರೆ ಇಂದು ಅರ್ಧ, ನಾಳೆ ಉಳಿದರ್ಧ ಎಂದು ಇಳಿಸಬಹುದು. ಟೊರೆಂಟ್ ವಿಧಾನವೂ ಹಾಗೆಯೇ. ಟೊರೆಂಟ್ ಎಂದೊಡನೆ ಕಳ್ಳ ಸಿನಿಮಾ ನೆನಪಾಗುವುದಾದರೂ ಡೆಬಿಯನ್, ಮಿಂಟ್, ಉಬುಂಟುಗಳ ಅಧಿಕೃತ ತಾಣಗಳೇ ಟೊರೆಂಟ್ ಕೊಂಡಿಗಳನ್ನು ಕೊಡುತ್ತವೆ. ಅದರಲ್ಲಿ ಪ್ರತಿ ತುಣುಕೂ ಬಂದಂತೆಯೇ ಪರೀಕ್ಷೆಗೊಳಪಡುವುದು ಒಂದು ಹೆಚ್ಚಿನ ಲಾಭ.

ಇದಕ್ಕಿಂತ ಒಳ್ಳೆಯದು ಉಮರ್ಗಾ, ಉದಗೀರ ಅಥವಾ ಸೊಲ್ಲಾಪುರದಲ್ಲಿ ವೇಗದ ಸಂಪರ್ಕವಿರುವ ಪರಿಚಿತರಿಂದ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುವುದು. ಎಸ್.ಟಿ. ಬಸ್ಸಿನಲ್ಲಿ ಜೇಬಿನೊಳಗೆ ಬರುವ 32 ಜಿಬಿಯ ಪೆನ್‌ಡ್ರೈವಿನಷ್ಟು ವೇಗವಾಗಿ ಮಾಹಿತಿಯನ್ನು ಸಾಗಿಸುವ ಶಕ್ತಿ ಗಡಿಹಳ್ಳಿಯ ಗೋಪುರಗಳಿಗೆ ಇನ್ನೂ ಬಂದಿಲ್ಲ. ಹೀಗೆ ತಂದ ಕಡತ ಪೂರ್ಣವಾಗಿದೆಯೇ ಎಂಬುದನ್ನು ‘ಶಾ256’ ಮೊತ್ತದಿಂದ ಪರೀಕ್ಷಿಸಬೇಕು. ಅಧಿಕೃತ ತಾಣದಲ್ಲಿ ಪ್ರಕಟವಾದ 64 ಅಕ್ಷರಗಳ ಸಂಕೇತವೂ ಯಂತ್ರ ಲೆಕ್ಕಹಾಕಿ ಕೊಟ್ಟ ಸಂಕೇತವೂ ಒಂದೇ ಆಗಿದ್ದರೆ ಕಡತ ಸರಿ. ಒಂದಕ್ಷರ ಬೇರೆಯಾದರೂ ಸ್ಥಾಪನೆಗೆ ತೊಡಗಬಾರದು. ಅರ್ಧದಲ್ಲಿ ನಿಂತ ಸ್ಥಾಪನೆ ಹಳೆಯದನ್ನೂ ಉಳಿಸುವುದಿಲ್ಲ, ಹೊಸದನ್ನೂ ಕೊಡುವುದಿಲ್ಲ.

ಅಂತರ್ಜಾಲವೇ ಇಲ್ಲದ ಕಡೆ ಡೆಬಿಯನ್ನಿನ ಮೊದಲ ಡಿವಿಡಿ ಕಡತ ಉಪಯುಕ್ತ. ಮೇಜುತೆರೆ, ಲಿಬ್ರೆಆಫೀಸ್, ಬ್ರೌಸರ್ ಎಲ್ಲವೂ ಅದರಲ್ಲಿಯೇ ಇರುವುದರಿಂದ ಸಂಪರ್ಕವಿಲ್ಲದೆಯೇ ಸ್ಥಾಪನೆ ಮುಗಿಯುತ್ತದೆ. ಡೆಬಿಯನ್ನಿನ ಚಿತ್ರಾತ್ಮಕ ಸ್ಥಾಪಕ ಕನ್ನಡದಲ್ಲಿಯೂ ಮಾತನಾಡುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ‘ನೆಟ್‌ಇನ್‌ಸ್ಟ್’ ಎಂಬ ಚಿಕ್ಕ ಕಡತದ ಗಾತ್ರ ಕಂಡು ಮರುಳಾಗಬಾರದು. ಉಳಿದುದನ್ನೆಲ್ಲ ಅದು ಸ್ಥಾಪನೆಯ ವೇಳೆಯಲ್ಲಿ, ಪ್ರತಿಯೊಂದು ಯಂತ್ರಕ್ಕೂ ಬೇರೆಬೇರೆಯಾಗಿ, ಅಂತರ್ಜಾಲದಿಂದಲೇ ತರುತ್ತದೆ.

ಹಳೆಯ ಕನ್ನಡ ಕಡತಗಳು

ವಿಂಡೋಸನ್ನು ಅಳಿಸುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಇದನ್ನು ಮರೆತರೆ ಆಗುವ ನಷ್ಟ ಯಂತ್ರದ ಬೆಲೆಗಿಂತ ದೊಡ್ಡದು. ಶಾಲೆಯ ಯಂತ್ರದಲ್ಲಿ ಇಪ್ಪತ್ತು ವರ್ಷಗಳ ಪ್ರಶ್ನೆಪತ್ರಿಕೆಗಳು, ಘಟಕ ಪರೀಕ್ಷೆಗಳು, ಸ್ನೇಹಸಮ್ಮೇಳನದ ನಾಟಕಗಳು, ನಿವೃತ್ತರಾದ ಗುರುಗಳು ಬರೆದಿಟ್ಟ ಪಾಠಟಿಪ್ಪಣಿಗಳು ಇರುತ್ತವೆ. ಅವುಗಳಲ್ಲಿ ಬಹುಪಾಲು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿಯೂ ಮರಾಠಿ ಪತ್ರಗಳು ಶ್ರೀಲಿಪಿಯಲ್ಲಿಯೂ ಇರುವುದು ಸಹಜ.

ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಈ ಶೈಲಿಗಳಲ್ಲಿ ಕನ್ನಡದ ‘ಕ’ ಎಂಬುದು ಕಡತದೊಳಗೆ ‘ಕ’ ಆಗಿ ಉಳಿದಿರುವುದಿಲ್ಲ. ಇಂಗ್ಲಿಷಿನದೋ ಯೂರೋಪಿನ ಇನ್ನಾವುದೋ ಭಾಷೆಯದೋ ಒಂದು ಚಿಹ್ನೆಯ ಸ್ಥಾನದಲ್ಲಿ ಕನ್ನಡದ ಆಕಾರವನ್ನು ಚಿತ್ರಿಸಿರುತ್ತಾರೆ, ಅಷ್ಟೆ. ಆ ಅಕ್ಷರಶೈಲಿ ಯಂತ್ರದಲ್ಲಿ ಇರುವವರೆಗೆ ಪುಟ ಕನ್ನಡವಾಗಿ ಕಾಣುತ್ತದೆ. ಇಲ್ಲವಾದೊಡನೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ವಿಂಡೋಸಿನ ಜೊತೆಗೆ ಅಕ್ಷರಶೈಲಿಯೂ ಹೋಯಿತೆಂದರೆ ಕಡತ ಪೆನ್‌ಡ್ರೈವಿನಲ್ಲಿ ಭದ್ರವಾಗಿದ್ದೂ ಓದಲು ಬಾರದಾಗುತ್ತದೆ.

ಆದುದರಿಂದ ಕ್ರಮ ಹೀಗಿರಲಿ. ಎಲ್ಲ ಕಡತಗಳನ್ನೂ ಎರಡು ಬೇರೆಬೇರೆ ಸಾಧನಗಳಲ್ಲಿ ಪ್ರತಿ ಮಾಡಿಕೊಳ್ಳಬೇಕು. ಮುಖ್ಯವಾದವುಗಳನ್ನು, ವಿಂಡೋಸ್ ಇನ್ನೂ ಜೀವಂತವಿರುವಾಗಲೇ, ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ಮಾರ್ಪಡಿಸಿಕೊಳ್ಳಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳ ಬಳಿ ತಪ್ಪುಗಳಾಗುವುದರಿಂದ ಯಾರಾದರೂ ಒಬ್ಬರು ಕಣ್ಣಾಡಿಸಲೇಬೇಕು. ಎಲ್ಲವನ್ನೂ ಪರಿವರ್ತಿಸಲು ಸಮಯವಿಲ್ಲದಿದ್ದರೆ ಉಳಿದವುಗಳನ್ನು ಪಿಡಿಎಫ್ ಆಗಿ ಉಳಿಸಬಹುದು. ಅವನ್ನು ಓದಬಹುದು, ಮುದ್ರಿಸಬಹುದು, ಆದರೆ ತಿದ್ದಲಾಗದು. ಶ್ರೀಲಿಪಿಯ ಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವೇತನ ಅಥವಾ ಲೆಕ್ಕಪತ್ರದ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವ ಯಂತ್ರವಿದ್ದರೆ, ಅದರ ಚಾಲಕ ತಂತ್ರಾಂಶ ಲಿನಕ್ಸಿಗೆ ಲಭ್ಯವೇ ಎಂದು ಖಚಿತಪಡಿಸಿಕೊಳ್ಳುವವರೆಗೆ ಆ ಒಂದು ಯಂತ್ರವನ್ನು ಮುಟ್ಟದಿರುವುದು ಕ್ಷೇಮ.

ಸ್ಥಾಪಿಸುವ ಮುನ್ನ ಪೆನ್‌ಡ್ರೈವಿನಿಂದಲೇ ‘ಲೈವ್’ ರೂಪದಲ್ಲಿ ಯಂತ್ರವನ್ನು ಆರಂಭಿಸಿ ಧ್ವನಿ, ಪ್ರೊಜೆಕ್ಟರ್, ಮುದ್ರಕ, ವೈಫೈಗಳನ್ನು ಪರೀಕ್ಷಿಸಬಹುದು. ಈ ಹಂತದಲ್ಲಿ ಹಾರ್ಡ್‌ಡಿಸ್ಕಿಗೆ ಏನೂ ಬರೆಯಲ್ಪಡುವುದಿಲ್ಲ. ವೈಫೈ ಸಿಗದಿದ್ದರೆ ಎದೆಗುಂದಬೇಕಾಗಿಲ್ಲ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆರಿಸಿದರೆ ಸಾಮಾನ್ಯವಾಗಿ ಲಿನಕ್ಸ್ ಅದನ್ನು ಕೂಡಲೇ ಗುರುತಿಸುತ್ತದೆ.

ಒಮ್ಮೆ ಇಳಿಸಿ ಹತ್ತಕ್ಕೆ ಹಂಚುವುದು

ಸ್ಥಾಪನೆ ಒಂದು ದಿನದ ಕೆಲಸ, ಪರಿಷ್ಕರಣೆ ವರ್ಷವಿಡೀ ನಡೆಯುವಂಥದು. ನಿಧಾನದ ಅಂತರ್ಜಾಲ ನಿಜವಾಗಿ ತೊಂದರೆ ಕೊಡುವುದು ಇಲ್ಲಿಯೇ. ಒಂದು ತಿಂಗಳ ಪರಿಷ್ಕರಣೆ 400 ಎಂಬಿ ಎಂದಿಟ್ಟುಕೊಂಡರೆ ಹತ್ತು ಯಂತ್ರಗಳು ತಮ್ಮತಮ್ಮಷ್ಟಕ್ಕೆ ಇಳಿಸಿಕೊಂಡಾಗ 4 ಜಿಬಿ ಖರ್ಚಾಗುತ್ತದೆ. ಆದರೆ ಹತ್ತಕ್ಕೂ ಬೇಕಾಗಿರುವುದು ಅದೇ 400 ಎಂಬಿ.

ಸರಳವಾದ ವಿಧಾನ ಪೆನ್‌ಡ್ರೈವಿನದು. ಡೆಬಿಯನ್ ಬಳಗದ ಲಿನಕ್ಸುಗಳಲ್ಲಿ ಇಳಿದುಬಂದ ಪ್ಯಾಕೇಜುಗಳು ‘ವಾರ್’ ಕೋಶದೊಳಗಿನ ‘ಕ್ಯಾಶ್’, ಅದರೊಳಗಿನ ‘ಆಪ್ಟ್’, ಅದರೊಳಗಿನ ‘ಆರ್ಕೈವ್ಸ್’ ಎಂಬ ಸ್ಥಳದಲ್ಲಿ ಸೇರುತ್ತವೆ. ಮೊದಲ ಯಂತ್ರವನ್ನು ಪರಿಷ್ಕರಿಸಿ, ಅಲ್ಲಿಯ ಪ್ಯಾಕೇಜುಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಉಳಿದ ಯಂತ್ರಗಳ ಅದೇ ಸ್ಥಳದಲ್ಲಿ ಹಾಕಿ ಪರಿಷ್ಕರಣೆಯ ಆಜ್ಞೆ ಕೊಟ್ಟರೆ, ಕೈಯಲ್ಲಿರುವುದನ್ನು ಅವು ಮತ್ತೆ ಇಳಿಸುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ‘ಆಪ್ಟ್’ ಎಂಬ ಹೊಸ ಆಜ್ಞೆ ಸ್ಥಾಪನೆ ಮುಗಿದೊಡನೆ ಪ್ಯಾಕೇಜುಗಳನ್ನು ತಾನಾಗಿ ಅಳಿಸಿಬಿಡುತ್ತದೆ. ‘ಆಪ್ಟ್-ಗೆಟ್’ ಎಂಬ ಹಳೆಯ ಆಜ್ಞೆ ಉಳಿಸುತ್ತದೆ. ಮೊದಲ ಯಂತ್ರದಲ್ಲಿ ಆಪ್ಟ್-ಗೆಟ್ಟನ್ನೇ ಬಳಸದಿದ್ದರೆ ಕೋಶ ಬರಿದಾಗಿ ಕಾಣುತ್ತದೆ, ಶಿಕ್ಷಕರು ಈ ವಿಧಾನವೇ ಸುಳ್ಳೆಂದು ಬಗೆಯುತ್ತಾರೆ. ಪ್ಯಾಕೇಜುಗಳ ಪಟ್ಟಿಯನ್ನು ಹೊಸದಾಗಿಸುವ ‘ಅಪ್‌ಡೇಟ್’ ಹಂತ ಮಾತ್ರ ಪ್ರತಿ ಯಂತ್ರದಲ್ಲಿಯೂ ನಡೆಯಬೇಕು.

ಕೊಠಡಿಯ ಯಂತ್ರಗಳು ಸ್ವಿಚ್ ಅಥವಾ ರೂಟರಿನ ಮೂಲಕ ಒಂದಕ್ಕೊಂದು ಜೋಡಣೆಯಾಗಿದ್ದರೆ ‘ಆಪ್ಟ್-ಕ್ಯಾಚರ್-ಎನ್‌ಜಿ’ ಇನ್ನೂ ಅನುಕೂಲ. ಶಿಕ್ಷಕರ ಯಂತ್ರದಲ್ಲಿ ಅದನ್ನು ಸ್ಥಾಪಿಸಿ, ಉಳಿದ ಯಂತ್ರಗಳಲ್ಲಿ ಶಿಕ್ಷಕರ ಯಂತ್ರದ ವಿಳಾಸವನ್ನೂ 3142 ಎಂಬ ಪೋರ್ಟ್ ಸಂಖ್ಯೆಯನ್ನೂ ಸೂಚಿಸುವ ಒಂದೇ ಸಾಲಿನ ಕಡತವನ್ನಿಡಬೇಕು. ಬಳಿಕ ಯಾವ ಯಂತ್ರ ಪ್ಯಾಕೇಜ್ ಕೇಳಿದರೂ ಕೋರಿಕೆ ಶಿಕ್ಷಕರ ಯಂತ್ರಕ್ಕೆ ಹೋಗುತ್ತದೆ. ಅಲ್ಲಿದ್ದರೆ ಅಲ್ಲಿಂದಲೇ, ಇಲ್ಲದಿದ್ದರೆ ಒಮ್ಮೆ ಮಾತ್ರ ಹೊರಗಿನಿಂದ ಬರುತ್ತದೆ. ಊರಿನ ಬಾವಿಯಿಂದ ಪ್ರತಿಯೊಬ್ಬರೂ ಕೊಡ ಹೊತ್ತು ತರುವ ಬದಲು ಶಾಲೆಯ ಅಂಗಳದಲ್ಲಿ ಒಂದು ತೊಟ್ಟಿ ತುಂಬಿಸಿಟ್ಟಂತೆ ಇದು.

ಶಾಲೆಗೆ ಸಂಪರ್ಕವೇ ಇಲ್ಲದಿದ್ದರೆ ‘ಆಪ್ಟ್-ಆಫ್‌ಲೈನ್’ ಇದೆ. ಶಾಲೆಯ ಯಂತ್ರ ತನಗೆ ಬೇಕಾದವುಗಳ ಪಟ್ಟಿಯನ್ನು ಒಂದು ಚಿಕ್ಕ ಕಡತವಾಗಿ ಬರೆದುಕೊಡುತ್ತದೆ. ಆ ಚೀಟಿಯನ್ನು ಸಂಪರ್ಕವಿರುವ ಊರಿಗೆ ಒಯ್ದು, ಪ್ಯಾಕೇಜುಗಳನ್ನು ಇಳಿಸಿ ತಂದು ಶಾಲೆಯ ಯಂತ್ರಕ್ಕೆ ಒಪ್ಪಿಸಬೇಕು. ಸಂತೆಗೆ ಹೋಗುವವರ ಕೈಗೆ ಸಾಮಾನಿನ ಚೀಟಿ ಕೊಟ್ಟಂತೆಯೇ.

ಕೈಯಿಂದ ಕೈಗೆ ಬಂದ ಪ್ಯಾಕೇಜು ಸುರಕ್ಷಿತವೇ ಎಂಬ ಪ್ರಶ್ನೆ ಯೋಗ್ಯವಾದದ್ದು. ಪ್ರತಿ ಪ್ಯಾಕೇಜಿನ ಸಂಕೇತಮೊತ್ತ ಡಿಜಿಟಲ್ ಸಹಿಯುಳ್ಳ ಪಟ್ಟಿಯಲ್ಲಿ ನಮೂದಾಗಿರುತ್ತದೆ. ಇಳಿಸುವಾಗ ವ್ಯವಸ್ಥೆ ಈ ಮೊತ್ತವನ್ನು ಹೋಲಿಸಿ ಹೊಂದದ ಪ್ಯಾಕೇಜನ್ನು ತಿರಸ್ಕರಿಸುತ್ತದೆ. ಕಡತದ ಮೇಲೆ ನೇರವಾಗಿ ಎರಡು ಬಾರಿ ಒತ್ತಿ ಸ್ಥಾಪಿಸಿದಾಗ ಈ ಪರೀಕ್ಷೆ ನಡೆಯುವುದಿಲ್ಲ. ಆ ಅಭ್ಯಾಸ ಬೇಡ.

ಎಲ್ಲ ಪರಿಷ್ಕರಣೆಗಳೂ ಸಮಾನವಲ್ಲ. ಬ್ರೌಸರಿನದು ಮತ್ತು ಭದ್ರತೆಗೆ ಸಂಬಂಧಿಸಿದವು ತಡಮಾಡದೆ ಆಗಬೇಕು. ಮಕ್ಕಳ ಗುಪ್ತಮಾಹಿತಿ ‘ಸರಲ್’ ತಾಣಕ್ಕೆ ಹೋಗುವುದು ಅದೇ ಬ್ರೌಸರಿನ ಮೂಲಕ. ಕರ್ನಲ್ ಹಾಗೂ ಫರ್ಮ್‌ವೇರ್ ಪ್ಯಾಕೇಜುಗಳು ನೂರಾರು ಎಂಬಿ ತೂಗುತ್ತವೆ. ಅವನ್ನು ಪೆನ್‌ಡ್ರೈವ್ ಪ್ರವಾಸಕ್ಕೆ ಬಿಟ್ಟುಕೊಳ್ಳಬಹುದು, ಆದರೆ ವರ್ಷಗಟ್ಟಲೆ ಮುಂದೂಡಲಾಗದು. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ರೂಪದ ತಂತ್ರಾಂಶಗಳು ತಮ್ಮೊಡನೆ ದೊಡ್ಡ ಪರಿವಾರವನ್ನೇ ಕರೆತರುವುದರಿಂದ ನಿಧಾನದ ಸಂಪರ್ಕದಲ್ಲಿ ಅವುಗಳಿಂದ ದೂರವಿರುವುದು ಒಳಿತು. ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗಳ ಬೆನ್ನುಹತ್ತುವ ಅಗತ್ಯ ಶಾಲೆಗಿಲ್ಲ.

ಪರಿಷ್ಕರಣೆಯ ನಡುವೆ ವಿದ್ಯುತ್ ಹೋಗುವುದು ಈ ಭಾಗದಲ್ಲಿ ಅಸಹಜವಲ್ಲ. ಮರಳಿ ಆರಂಭಿಸಿದಾಗ ‘ಡಿಪಿಕೆಜಿ ನಡುವೆ ನಿಂತಿದೆ’ ಎಂಬ ಸಂದೇಶ ಬಂದರೆ, ಅದೇ ಸಂದೇಶದಲ್ಲಿ ಕೊಟ್ಟಿರುವ ‘ಕಾನ್ಫಿಗರ್’ ಆಜ್ಞೆಯನ್ನು ನಡೆಸಿದರೆ ಅರ್ಧಕ್ಕೆ ಉಳಿದ ಕೆಲಸ ಪೂರ್ತಿಯಾಗುತ್ತದೆ. ಮರುಸ್ಥಾಪನೆ ಬೇಕಾಗುವುದು ವಿರಳ. ಆದರೂ ಭಾರನಿಯಮನದ ವೇಳಾಪಟ್ಟಿ ನೋಡಿಕೊಂಡು ಕುಳಿತುಕೊಳ್ಳುವುದು ಜಾಣತನ.

ಅಂತರ್ಜಾಲವನ್ನು ಪರಿಷ್ಕರಣೆಗೆ ಮೀಸಲಿಟ್ಟರೆ ಪಾಠಕ್ಕೆ ಏನು ಉಳಿಯಿತು ಎಂದು ಕೇಳಬಹುದು. ‘ಕಿವಿಕ್ಸ್’ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದು ಕಡತವಾಗಿ ತಂದಿಟ್ಟುಕೊಂಡು ಸಂಪರ್ಕವಿಲ್ಲದೆಯೇ ಓದಬಹುದು. ಬಾಲಭಾರತಿಯ ಪಿಡಿಎಫ್ ಪುಸ್ತಕಗಳನ್ನೂ ಒಮ್ಮೆ ಇಳಿಸಿ ಎಲ್ಲ ಯಂತ್ರಗಳಿಗೆ ಹಂಚಬಹುದು. ಚಿಕ್ಕ ಮಕ್ಕಳಿಗೆ ಟಕ್ಸ್‌ಪೇಂಟ್, ಜಿಕಾಂಪ್ರಿ, ದೊಡ್ಡವರಿಗೆ ಜಿಯೋಜೀಬ್ರಾ, ಆಕಾಶದರ್ಶನಕ್ಕೆ ಸ್ಟೆಲೇರಿಯಂ: ಇವಾವುವೂ ಸ್ಥಾಪನೆಯಾದ ಮೇಲೆ ಅಂತರ್ಜಾಲವನ್ನು ಬೇಡುವುದಿಲ್ಲ.

ಎರಡು ಲಿಪಿ, ಒಂದು ಕೀಲಿಮಣೆ

ಕನ್ನಡ ಬೆರಳಚ್ಚಿಗಾಗಿ ಲಿನಕ್ಸಿನಲ್ಲಿ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಕೀಲಿಮಣೆಯ ಆಯ್ಕೆಗಳಲ್ಲಿ ಭಾರತದ ವಿಭಾಗದೊಳಗೆ ಕನ್ನಡವೂ ದೇವನಾಗರಿಯೂ ಮೊದಲೇ ಇರುತ್ತವೆ. ಇವುಗಳ ಮೂಲವಿನ್ಯಾಸ ಇನ್‌ಸ್ಕ್ರಿಪ್ಟ್. ಭಾರತೀಯ ಲಿಪಿಗಳ ವರ್ಣಕ್ರಮ ಒಂದೇ ಎಂಬ ತತ್ತ್ವದ ಮೇಲೆ ಅದು ನಿಂತಿರುವುದರಿಂದ ಇಂಗ್ಲಿಷ್ ‘ಕೆ’ ಕೀಲಿ ಕನ್ನಡದಲ್ಲಿ ‘ಕ’ವನ್ನೂ ಮರಾಠಿಯಲ್ಲಿ ‘ಕ’ಕಾರವನ್ನೇ ಕೊಡುತ್ತದೆ, ಲಕಾರದ ಕೀಲಿಯನ್ನು ಶಿಫ್ಟಿನೊಡನೆ ಒತ್ತಿದರೆ ಎರಡರಲ್ಲಿಯೂ ಳಕಾರ. ಕನ್ನಡದ ಹ್ರಸ್ವ ಎ, ಒಗಳ ಕೀಲಿಗಳನ್ನು ಮಾತ್ರ ಬೇರೆಯಾಗಿ ಕಲಿಯಬೇಕು. ಲೋಹಾರಾದ ಮಗುವೊಂದು ಕನ್ನಡದಲ್ಲಿ ಬೆರಳಚ್ಚು ಕಲಿತರೆ ಮರಾಠಿಯ ಬಹುಭಾಗವನ್ನೂ ಅದರೊಂದಿಗೇ ಕಲಿತಂತಾಗುತ್ತದೆ.

ನುಡಿಯ ವಿನ್ಯಾಸಕ್ಕೆ ಬೆರಳು ಒಗ್ಗಿರುವ ಶಿಕ್ಷಕರು ಅದನ್ನು ಬಿಡಬೇಕಾಗಿಲ್ಲ. ಅದೇ ಪಟ್ಟಿಯಲ್ಲಿ ‘ಕಗಪ’ ಎಂಬ ಆಯ್ಕೆಯಿದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳೇ ಅವು. ಅದೇ ಹೆಸರಿನಲ್ಲಿ ಮರಾಠಿಗೂ ಒಂದು ವಿನ್ಯಾಸ ಸೇರಿಕೊಂಡಿದೆ. ಸೊಲ್ಲಾಪುರ, ಲಾತೂರಿನ ಮರಾಠಿ ಶಿಕ್ಷಕರೂ ತಮ್ಮ ಯಂತ್ರದ ಆಯ್ಕೆಪಟ್ಟಿಯಲ್ಲಿ ಈ ಕನ್ನಡದ ಹೆಸರನ್ನು ಕಾಣಬಹುದು. ಎರಡೂ ವಿನ್ಯಾಸಗಳನ್ನು ಸೇರಿಸಿ, ಬದಲಾವಣೆಗೆ ಒಂದು ಕೀಲಿಜೋಡಿಯನ್ನು ನಿಗದಿಪಡಿಸಿ, ಕೊಠಡಿಯ ಎಲ್ಲ ಯಂತ್ರಗಳಲ್ಲಿಯೂ ಅದೇ ಜೋಡಿಯನ್ನೇ ಇಡಬೇಕು.